ಎರಡೂ ತಂಡಕ್ಕೆ ಆಡಿದವನು

ಕೆಲವರಿಗೆ ಸುಳ್ಳು ಹೇಳುವುದು ಚಟ, ಕೆಲವರಿಗೆ ಅನುಕೂಲ. ನನಗೆ ಮಾತ್ರ ಅದು ಮರ್ಯಾದೆಯ ಪ್ರಶ್ನೆ. ಯಾರಾದರೂ ಏನಾದರೂ ಕೇಳಿದರೆ ‘ಗೊತ್ತಿಲ್ಲ’ ಎಂಬ ಮೂರಕ್ಷರ ನನ್ನ ಬಾಯಿಂದ ಹೊರಡುವುದಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ್ದರ ಫಲವಿದು. ಪ್ರಶ್ನೆ ಕೇಳುವವರಿಗೆ ಹದಿನಾಲ್ಕು ವರ್ಷ, ಉತ್ತರ ಹೇಳುವವನ ಕೈಯಲ್ಲಿ ಅಂಕ; ಹೀಗಾಗಿ ನಾನು ಹೇಳಿದ್ದೆಲ್ಲ ಇತಿಹಾಸವೇ ಆಗುತ್ತ ಬಂದಿದೆ. ಒಮ್ಮೆ ಕಲಘಟಗಿ ಬಸ್ ನಿಲ್ದಾಣದ ಎದುರು ಈರುಳ್ಳಿ ಲಾರಿಯವನೊಬ್ಬ ಕುಂದಗೋಳಕ್ಕೆ ಒಳದಾರಿ ಕೇಳಿದ. ಆ ದಾರಿಯಲ್ಲಿ ನಾನು ಎಂದೂ ಹೋದವನಲ್ಲ. ಆದರೂ ಎರಡು ಎಡ, ಒಂದು ಬಲ, ನಡುವೆ ಒಂದು ಬೇವಿನ ಮರ ಸೇರಿಸಿ ಹೇಳಿಬಿಟ್ಟೆ. ಅವನು ಕೈಮುಗಿದು ಹೋದ. “ಆ ಉಳ್ಳಾಗಡ್ಡಿ ಇಷ್ಟೊತ್ತಿಗೆ ಲಾರಿಯಾಗ ಮೊಳಕಿ ಒಡದಿರಬೇಕು ನೋಡ್ರಿ” ಎಂದು ನನ್ನ ಹೆಂಡತಿ ಗಿರಿಜಾ ಈಗಲೂ ಹಂಗಿಸುತ್ತಾಳೆ.

ನನ್ನ ಈ ಗುಣಕ್ಕೆ ಸರಿಯಾದ ಮೇವು ಸಿಕ್ಕಿದ್ದು ಮಿಶ್ರಿಕೋಟಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ಗಣಿತದ ಹಿರೇಮಠ ಸರ್ ಮೊಬೈಲಿನಲ್ಲಿ ಒಂದು ಆಟ ಕಲಿತು ಬಂದರು. ಎರಡು ಫುಟ್‌ಬಾಲ್ ತಂಡಗಳ ಹೆಸರು ಹೇಳುವುದು. ಸಂಬಳ ತೆಗೆದುಕೊಂಡು ಆ ಎರಡೂ ತಂಡಕ್ಕೆ ಆಡಿದ ಆಟಗಾರನೊಬ್ಬನ ಹೆಸರನ್ನು ಉಳಿದವರು ಹೇಳುವುದು. ತಂಡಗಳೆಲ್ಲ ಯುರೋಪಿನವು. ಅವುಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಾಯಲ್ಲಿ ಉಚ್ಚರಿಸಲಾಗದ್ದನ್ನು ಕಾಗದದ ಮೇಲೆ ತಪ್ಪು ಬರೆದು ಇನ್ನೊಂದು ಪಾಪ ಕಟ್ಟಿಕೊಳ್ಳಲಾರೆ. ಅಲ್ಲಿಯವರೆಗೆ ಕ್ರಿಕೆಟ್ಟಿನ ಆಚೆ ಇಣುಕದಿದ್ದ ನಮ್ಮ ಶಿಕ್ಷಕರು ಒಂದೇ ತಿಂಗಳಲ್ಲಿ ಚಪಾತಿ ಹರಿಯುತ್ತ ಆಟಗಾರರ ವರ್ಗಾವಣೆಯ ಬಗ್ಗೆ ಮಾತಾಡತೊಡಗಿದರು. ನಾನು ದಿನವೂ ಸೋಲುತ್ತಿದ್ದೆ. ನಿನ್ನೆ ಕೇಳಿದ ಹೆಸರನ್ನೇ ಇವತ್ತು ಹೇಳಿ ನಗೆಗೀಡಾಗುತ್ತಿದ್ದೆ.

ಒಂದು ದಿನ ಹಿರೇಮಠರಿಗೆ ಪರದೇಶ ಬೇಸರವಾಗಿ ಗೋವಾದ ತಂಡಗಳಿಗೆ ಇಳಿದರು. ಅಲ್ಲಿಯ ಗಣಿ ಕಂಪನಿಯೊಂದರ ತಂಡ, ಬಂದರಿನವರ ತಂಡ, ಇವೆರಡಕ್ಕೂ ಆಡಿದವರು ಯಾರು ಎಂದು ಕೇಳಿದರು. ಎಲ್ಲರೂ ಸುಮ್ಮನಾದರು. ಆ ಮೌನ ನನಗೆ ಆಮಂತ್ರಣದಂತೆ ಕಂಡಿತು. “ಇನಾಸ್ ಮೊಂತೇರೊ” ಎಂದೆ. ಹಿಂದಿನ ವಾರ ಅಳ್ನಾವರದಲ್ಲಿ ಬ್ರೆಡ್ ಕೊಂಡಿದ್ದ ಬೇಕರಿಯವನ ಹೆಸರು ಇನಾಸ್. ಮೊಂತೇರೊ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಹಿರೇಮಠರು ಮೊಬೈಲ್ ಹಿಡಿದು ಕಿಟಕಿಗೆ ಹೋಗಿ ಹುಡುಕಿ ಬಂದು, “ಸಿಗವಲ್ದು” ಎಂದರು. “ಹಳೇ ಆಟಗಾರರು ಅದರಾಗ ಎಲ್ಲಿ ಸಿಗ್ತಾರ್ರಿ? ಅದಕ್ಕ ಓದಿರಬೇಕು. ಎರಡೂ ಟೀಮಿಗೆ ಆಡಿದಾಂವ ಅಂದ್ರ ಅವನೊಬ್ಬನ!” ಎಂದೆ. ‘ಅವನೊಬ್ಬನೇ’ ಎಂಬ ಆ ಕಡೆಯ ಒಗ್ಗರಣೆ ಬೇಕಿರಲಿಲ್ಲ. ಆದರೆ ಸುಳ್ಳಿಗೆ ಒಗ್ಗರಣೆ ಹಾಕದೆ ಬಡಿಸಿ ನನಗೆ ರೂಢಿಯಿಲ್ಲ.

ಅಲ್ಲಿಂದ ನಾನು ಫುಟ್‌ಬಾಲ್ ಪಂಡಿತ. ದಿನಕ್ಕೊಂದು ಸಂಗತಿ ಕೂಡಿ ಇನಾಸ್ ಬೆಳೆಯುತ್ತ ಹೋದ. ಬಡ ಮೀನುಗಾರರ ಮಗ, ಚೆಂಡಿಲ್ಲದೆ ತೆಂಗಿನಕಾಯಿ ಒದ್ದು ಕಲಿತವನು, ಮುರಿದ ಮೊಣಕಾಲಿನಲ್ಲೇ ಗೋಲು ಹೊಡೆದವನು. ನಮ್ಮ ಹೆಡ್‌ಮಾಸ್ತರ ಪಾಟೀಲರಿಗೆ ಕಷ್ಟಪಟ್ಟು ಮೇಲೆ ಬಂದವರ ಕಥೆ ಎಂದರೆ ಪ್ರಾಣ, ಅವರೇನೂ ಕಷ್ಟಪಟ್ಟವರಲ್ಲ. ಪ್ರಾರ್ಥನೆಯ ಹೊತ್ತಿಗೆ ನನ್ನಿಂದ ಇನಾಸನ ಜೀವನ ಹೇಳಿಸಿದರು. ಮೊಣಕಾಲಿನ ಭಾಗ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟಕ್ಕೇ ಬಿಡದೆ, ಡ್ರಾಯಿಂಗ್ ಮಾಸ್ತರಿಂದ ಕಾಂಪೌಂಡ್ ಗೋಡೆಯ ಮೇಲೆ ಅವನ ಚಿತ್ರವನ್ನೂ ಬರೆಸಿದರು. ನಾನು ವರ್ಣಿಸಿದಂತೆ ಅವರು ಬರೆದರು. ಮುಗಿದ ಮೇಲೆ ನೋಡಿದರೆ ಗಿರಿಜಾಳ ತಮ್ಮ ಚಡ್ಡಿ ಹಾಕಿಕೊಂಡು ನಿಂತಿದ್ದ.

ಇದೇ ದಿನಗಳಲ್ಲಿ ನಮ್ಮ ಆಫೀಸಿಗೆ ಅಳ್ನಾವರ ಕಡೆಯಿಂದ ನದಾಫ ಎಂಬ ಹೊಸ ಕ್ಲಾರ್ಕ್ ಬಂದರು. ಐವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಮಾತು ಕಡಿಮೆ. ಎರಡು ತಿಂಗಳು ಅವರೊಡನೆ ನಾವು ಆಡಿದ್ದು ಬರೇ ಇಂಕ್ರಿಮೆಂಟಿನ ಮಾತು. ಯುರೋಪಿನ ಆಟಗಾರರ ಮನೆ ಮಂದಿಯ ಸುದ್ದಿಯೆಲ್ಲ ನಮಗೆ ತಿಳಿದಿತ್ತು. ಬಾಜು ಕೋಣೆಯವರ ಕಾಲಿಗೆ ಏನಾಗಿದೆ ಎಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ದೈಹಿಕ ಶಿಕ್ಷಕರಿಗೆ ವರ್ಗವಾಯಿತು. ತಾಲೂಕು ಮಟ್ಟದ ಬಾಲಕಿಯರ ಫುಟ್‌ಬಾಲ್ ಪಂದ್ಯ ಹತ್ತಿರ ಬಂದಿತ್ತು. “ನೀವಿರೂವಾಗ ನಮಗ್ಯಾಕ ಚಿಂತಿ?” ಎಂದು ಪಾಟೀಲರು ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ನಾನು ಕುರ್ಚಿ ಹಾಕಿಸಿಕೊಂಡು, ಬಿಸಿಲಿಗೆ ಕೊಡೆ ಹಿಡಿದು, “ಚೆಂಡು ಬಿಡಬ್ಯಾಡ್ರೇ! ಎಲ್ಲಾರೂ ಹಿಂದ ಓಡ್ರೇ!” ಎಂದು ತರಬೇತಿ ಕೊಟ್ಟೆ. ಹನ್ನೊಂದು ಹುಡುಗಿಯರೂ ಚೆಂಡಿನ ಹಿಂದೆ ಓಡಿದರು. ಗೋಲು ಕಾಯುವವಳೂ ಓಡಿದಳು. ತಂಬೂರಿನ ಶಾಲೆಯವರ ಜೊತೆ ಒಂದು ಅಭ್ಯಾಸ ಪಂದ್ಯ ಆಡಿಸಿದೆ. ಒಂಬತ್ತು ಗೋಲಿನಿಂದ ಸೋತೆವು. ಅದರಲ್ಲಿ ಮೂರನ್ನು ನಮ್ಮವರೇ ನಮಗೆ ಹೊಡೆದಿದ್ದರು. ನಾಯಕಿ ರೇಣುಕಾ ಮೈದಾನದ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಅವಳಿಗೆ ಇನಾಸನ ಮೊಣಕಾಲಿನ ಕಥೆ ಹೇಳಿ ಸಮಾಧಾನ ಮಾಡುತ್ತಿದ್ದೆ.

ಆಗ ಆಫೀಸಿನಿಂದ ನದಾಫರು ಇಳಿದು ಬಂದರು. “ಸರ, ತಪ್ಪು ತಿಳೀಬ್ಯಾಡ್ರಿ. ಎಲ್ಲಾರ್ನೂ ಚೆಂಡಿನ ಹಿಂದ ಓಡಸಬಾರದ್ರಿ. ಒಬ್ಬೊಬ್ಬರಿಗೆ ಒಂದೊಂದು ಜಾಗಾ ಇರ್ತದ.”

ಹಿರೇಮಠರೂ ಪಾಟೀಲರೂ ಅಲ್ಲಿಯೇ ಇದ್ದರು. ನನಗೆ ಮುಖ ಉಳಿಸಿಕೊಳ್ಳಬೇಕಿತ್ತು. “ನೀವು ಆಡೀರೇನು?” ಎಂದೆ, ಅಗದಿ ಗತ್ತಿನಿಂದ.

“ಆಡೇನ್ರಿ. ಗೋವಾದಾಗ ಹನ್ನೊಂದು ವರ್ಷ. ಗಣಿಯವರ ಟೀಮಿಗೆ ಆರು, ಬಂದರಿನವರ ಟೀಮಿಗೆ ಐದು. ಕಾಲು ಹೋದ ಮ್ಯಾಲ ಈ ನೌಕರಿ.”

ಹಿರೇಮಠರು ಹೊಟ್ಟೆ ಹಿಡಿದು ನಕ್ಕರು. “ಕಾಕಾ, ಎರಡಕ್ಕೂ ಆಡಿದಾಂವ ಇನಾಸ್ ಮೊಂತೇರೊ ಒಬ್ಬನ. ಸರ್ ಹೇಳ್ಯಾರ!”

“ಅಂಥಾ ಹೆಸರಿನಾಂವ ನಮ್ಮ ಟೀಮಿನ್ಯಾಗ ಇರಲಿಲ್ರಿ” ಎಂದರು ನದಾಫರು, ಮೆಲ್ಲಗೆ.

ಪಾಟೀಲರು ನನ್ನ ಕಡೆ ತಿರುಗಿದರು. “ನೀವ ಹೇಳ್ರಿ ಸರ. ಇವರು ಆಡ್ಯಾರೇನು?”

ಎದುರಿಗೆ ಹನ್ನೊಂದು ವರ್ಷ ಆಡಿದ ಮನುಷ್ಯ, ಹಿಂದೆ ಗೋಡೆಯ ಮೇಲೆ ಚಡ್ಡಿ ಹಾಕಿಕೊಂಡ ನನ್ನ ಭಾವಮೈದುನ. “ದಾಖಲೆ ನೋಡಬೇಕಾಗ್ತದ್ರಿ” ಎಂದೆ. ಇತಿಹಾಸ ಓದಿದ್ದರಿಂದ ನನಗೆ ಆದ ಏಕೈಕ ಲಾಭ ಈ ವಾಕ್ಯ. ನದಾಫರು ಆಫೀಸಿನ ಕಡೆ ತಿರುಗಿದರು. ಹೋಗಿ ಯಾವುದೋ ಸರ್ಟಿಫಿಕೇಟಿಗೆ ರಬ್ಬರ್ ಸಿಕ್ಕಾ ಹೊಡೆದರು. ಆ ಸಪ್ಪಳ ಮೈದಾನದವರೆಗೆ ಕೇಳಿಸಿತು.

ಮರುದಿನ ನಾಚಿಕೆ ತಡೆಯದೆ ಆಫೀಸಿಗೆ ಹೋಗಿ ಅವರ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. “ನನ್ನ ಹೆಸರು ಇರಲಿ ಬಿಡ್ರಿ. ಸಂಜೀ ಮುಂದ ಒಂದ ತಾಸು ಹುಡುಗ್ಯಾರನ್ನ ನನ್ನ ಕೈಗೆ ಕೊಡ್ರಿ. ಸೀಟಿ ನಿಮ್ಮ ಕೊರಳಾಗ ಇರಲಿ” ಎಂದರು. ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿದೆ. ಹೆಸರು ನನ್ನದು, ಕೆಲಸ ಅವರದು. ಇಂಥ ಏರ್ಪಾಟಿಗೆ ಯೋಚಿಸುವವನು ಮೂರ್ಖ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಅವರು ಮೈದಾನಕ್ಕಿಳಿದರು. ಕುಂಟುವ ಕಾಲು ಚೆಂಡು ತಾಗಿದರೆ ಕುಂಟುವುದನ್ನೇ ಮರೆಯುತ್ತಿತ್ತು. ಮೂರು ವಾರದಲ್ಲಿ ಹುಡುಗಿಯರು ತಮ್ಮ ತಮ್ಮ ಜಾಗದಲ್ಲಿ ನಿಲ್ಲುವುದನ್ನು ಕಲಿತರು. ರೇಣುಕಾ ತಲೆಯೆತ್ತಿ ಆಡತೊಡಗಿದಳು.

ಪಂದ್ಯಕ್ಕೆ ಎರಡು ದಿನ ಇದ್ದಾಗ ಪಾಟೀಲರು ಸಭೆ ಕರೆದರು. “ಕ್ಲಾರ್ಕ್ ಮನುಷ್ಯಾಗ ಗ್ರೌಂಡಿನ್ಯಾಗ ಏನು ಕೆಲಸ? ಆಡಿದ್ದಕ್ಕ ದಾಖಲೆ ಇಲ್ಲ, ಏನಿಲ್ಲ. ನಾಳೆಯಿಂದ ಬಂದ್” ಎಂದರು. ನದಾಫರು ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದರು. ಹೊರಗೆ ಹುಡುಗಿಯರು ಅವರಿಗಾಗಿ ಕಾಯುತ್ತಿದ್ದರು. ನಾನು ಎದ್ದು ನಿಂತು, ಬೇಕರಿಯಿಂದ ಹಿಡಿದು ಮೊಣಕಾಲಿನವರೆಗೆ ಎಲ್ಲ ಹೇಳಿಬಿಟ್ಟೆ.

ಮೊದಲು ಬಾಯಿ ಬಿಟ್ಟವರು ಹಿರೇಮಠರು. “ಹಂಗಾರ ಗ್ವಾಡಿ ಮ್ಯಾಲಿನಾಂವ ಯಾರ್ರಿ?”

“ನನ್ನ ಹೆಂಡತಿ ತಮ್ಮ. ನವಲಗುಂದದಾಗ ಕಿರಾಣಿ ಅಂಗಡಿ ಇಟ್ಟಾನ.”

“ನಾ ಅತ್ತಿದ್ದೆನಲ್ರಿ!” ಎಂದು ಪಾಟೀಲರು ಟೇಬಲ್ ಗುದ್ದಿದರು. ಇನಾಸ್ ಇಲ್ಲದ್ದಕ್ಕಿಂತ ತಮ್ಮ ಕಣ್ಣೀರು ದಂಡವಾದದ್ದು ಅವರಿಗೆ ಹೆಚ್ಚು ನೋವು ಕೊಟ್ಟಿತು. ಆಮೇಲೆ ತೀರ್ಪು ಕೊಟ್ಟರು: ನದಾಫರು ದಿನವೂ ನಾಲ್ಕರಿಂದ ಮೈದಾನದಲ್ಲಿರಬೇಕು; ಆ ಹೊತ್ತಿನ ಆಫೀಸ್ ಕೆಲಸ ನಾನು ಮಾಡಬೇಕು.

ಕಲಘಟಗಿಯ ಪಂದ್ಯದಲ್ಲಿ ನಮ್ಮ ಹುಡುಗಿಯರು ತಂಬೂರಿನವರನ್ನು ಸೋಲಿಸಿದರು. ಮುಂದಿನ ಪಂದ್ಯದಲ್ಲಿ ಒಂದೇ ಗೋಲಿನಿಂದ ಸೋತರು. ಸೋತು ಬರುವಾಗ ಯಾರೂ ಅಳಲಿಲ್ಲ. ಆ ಗೋಲು ಹ್ಯಾಗೆ ತಡೆಯಬಹುದಿತ್ತು ಎಂದು ಬಸ್ಸಿನುದ್ದಕ್ಕೂ ನದಾಫರೊಡನೆ ಜಗಳಾಡುತ್ತ ಬಂದರು. ಕೂಗಿ ಕೂಗಿ ದನಿ ಹೋಗಿದ್ದ ನದಾಫರು ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಈಗ ದಿನವೂ ನಾಲ್ಕು ಗಂಟೆಗೆ ನಾನು ಅವರ ಕುರ್ಚಿಯಲ್ಲಿ ಕುಳಿತು ಶಾಲೆ ಬಿಡುವವರ ಸರ್ಟಿಫಿಕೇಟ್ ಬರೆಯುತ್ತೇನೆ. ನಿನ್ನೆ ನದಾಫರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ನಾನು ಬರೆದಿಟ್ಟಿದ್ದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

“ಸರ, ಈ ಹುಡುಗಿ ಸಾಲಿಗೆ ಸೇರೂಕಿಂತ ಎರಡು ವರ್ಷ ಮೊದಲ ಸಾಲಿ ಬಿಟ್ಟಾಳಲ್ರಿ” ಎಂದರು. ಆಮೇಲೆ ಹಂಗಿಸುವ ದನಿಯೇ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು: “ಇತಿಹಾಸ ಕಲಸೋರು ನೀವ ಅಲ್ರಿ?”

“ಹೌದ್ರಿ” ಎಂದೆ.

ಅವರು ದಾಖಲೆ ಕೇಳಲಿಲ್ಲ.