ಹಗ್ಗ ಹಿಡಿದವನ ಪಾಲು

ದೇವಿದಾಸ ಮಾಸ್ತರರ ಗ್ರಹಚಾರ ಕೆಟ್ಟದ್ದು ಅವರು ಪಾಠ ಕೇಳಿಸಿಕೊಂಡದ್ದರಿಂದ. ಉಳಿದ ಇಪ್ಪತ್ತೊಂಬತ್ತು ಮಂದಿ ಕೇಳಿಸಿಕೊಳ್ಳಲಿಲ್ಲ. ಅವರೆಲ್ಲ ಇವತ್ತಿಗೂ ಸುಖವಾಗಿದ್ದಾರೆ.

ಕಾರವಾರದ ಶಿರವಾಡದಲ್ಲಿ ಹತ್ತು ದಿನದ ಸಂಶೋಧನಾ ವಿಧಾನ ಕಾರ್ಯಾಗಾರ ನಡೆದಿತ್ತು. ಬಂದವರೆಲ್ಲ ಬಿ.ಎಡ್. ಮತ್ತು ಸಮಾಜಶಾಸ್ತ್ರದ ಅಧ್ಯಾಪಕರು. ಯಾರಿಗೂ ಸಂಶೋಧನೆ ಬೇಕಿರಲಿಲ್ಲ, ಪ್ರಮಾಣಪತ್ರ ಬೇಕಿತ್ತು. ಅಂಕೋಲೆಯ ದೇವಿದಾಸರಿಗೂ ಅಷ್ಟೇ. ಈ ಒಂದು ಕಾಗದವಿಲ್ಲದೆ ಅವರ ಬಡ್ತಿಯ ಕಡತ ಎರಡು ಸಲ ವಾಪಸು ಬಂದಿತ್ತು. ಮೂರನೇ ಸಲದ ಕಡತ ಹತ್ತನೇ ದಿನದ ಮರುದಿನವೇ ಕಚೇರಿ ಸೇರಬೇಕು. ತಪ್ಪಿದರೆ ಹತ್ತು ವರ್ಷ ಕಿರಿಯನಾದ ರೂಪೇಶನೇ ಅವರ ವಿಭಾಗದ ಮುಖ್ಯಸ್ಥ. ಆ ರೂಪೇಶನೂ ಇದೇ ಕಾರ್ಯಾಗಾರದ ಹಿಂದಿನ ಸಾಲಿನಲ್ಲಿ ಕೂತು ಒಂಬತ್ತು ದಿನ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದ್ದ.

ಪಾಠ ಹೇಳಲು ಬಂದವರು ದೂರದ ವಿಶ್ವವಿದ್ಯಾಲಯದ ಡಾ. ಯೋಗೇಶ. ಸಮುದ್ರವನ್ನು ಅವರು ನೋಡಿದ್ದು ಲಾಡ್ಜಿನ ಕಿಟಕಿಯಿಂದ ಮಾತ್ರ. ಆದರೂ ಒಂಬತ್ತನೇ ದಿನ ಬೆರಳೆತ್ತಿ ಹೇಳಿದರು: "ನಾಳೆ ಬೇಲೆಕೇರಿಯಲ್ಲಿ ಕ್ಷೇತ್ರಕಾರ್ಯ. ವಿಷಯ, ಮೀನುಗಾರರ ಮಕ್ಕಳ ಶಿಕ್ಷಣ. ಒಬ್ಬೊಬ್ಬರು ಹತ್ತು ಕುಟುಂಬಗಳನ್ನು ಖುದ್ದಾಗಿ ಕೇಳಬೇಕು. ಹೆಸರು ಬರೆಯಬೇಡಿ, ಫೋನ್ ನಂಬರ್ ತೆಗೆದುಕೊಳ್ಳಬೇಡಿ, ಫೋಟೋ ಹೊಡೆಯಬೇಡಿ. ಅದು ಸಂಶೋಧನೆಯ ನೀತಿ." ದೇವಿದಾಸರು ಇದನ್ನು ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದರು.

ಮನೆ ಅಂಕೋಲೆಯಲ್ಲೇ ಇದ್ದುದರಿಂದ ಅವರು ಬೆಳಗಿನ ಮೊದಲ ಬಸ್ಸಿಗೆ ಒಬ್ಬರೇ ಬೇಲೆಕೇರಿಗೆ ಹೋದರು. ಮನೆಗಳಿಗೆಲ್ಲ ಬೀಗ. ಊರೆಲ್ಲ ದಂಡೆಯ ಮೇಲೆ ನಿಂತು ಏಂಡಿ ಬಲೆಯನ್ನು ಎರಡು ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಿತ್ತು. ದೇವಿದಾಸರು ಹೋಗಿ ಗಂಟಲು ಸರಿಮಾಡಿಕೊಂಡರು.

"ನಿಮ್ಮ ಮಗುವಿನ ಶೈಕ್ಷಣಿಕ ಆಕಾಂಕ್ಷೆಯ ಮಟ್ಟವನ್ನು ಒಂದರಿಂದ ಐದರ ಅಳತೆಯಲ್ಲಿ..."

ಹಗ್ಗದ ತುದಿಯಲ್ಲಿದ್ದ ಮುದುಕ ಬೀರಾ ಕಣ್ಣು ಕೆಂಪಗೆ ಮಾಡಿದ. "ಎಂತಾ ಅಳತೆ? ಜಾಗ ಅಳೆಯೂಕೆ ಬಂದ್ರಿ?"

"ಅಲ್ಲ ಮಾರಾಯಾ, ನಾನು ಅಂಕೋಲೆ ಮಾಸ್ತರ. ಮಕ್ಕಳ ಶಾಲೆ ವಿಷಯ ಕೇಳೂಕೆ ಬಂದೆ."

"ಮಾಸ್ತರ್ರಾ? ಹಾಂಗಾದ್ರೆ ಹಗ್ಗ ಹಿಡೀರಿ. ಬಲೆ ನೀರಲ್ಲಿದ್ದಾಗ ಸುಮ್ನೆ ನಿಂತವ್ರ ಹತ್ರ ಇಲ್ಲಿ ಯಾರೂ ಮಾತಾಡೂದಿಲ್ಲ."

ದೇವಿದಾಸರು ಪ್ಯಾಂಟು ಮಡಚಿ ಹಗ್ಗ ಹಿಡಿದರು. ಎರಡು ತಾಸು ಎಳೆದರು. ಅಂಗೈ ಸುಲಿಯಿತು, ಚಪ್ಪಲಿಯನ್ನು ತೆರೆ ಒಯ್ದಿತು, ಚೀಲದಲ್ಲಿ ಫೋನು ಹೊಡೆದುಕೊಂಡದ್ದೂ ತಿಳಿಯಲಿಲ್ಲ. ಆದರೆ ಹಗ್ಗ ಹಿಡಿದ ಮೇಲೆ ಜನ ಮನಸ್ಸು ಬಿಚ್ಚಿ ಮಾತಾಡಿದರು.

"ಹುಡುಗಿ ಓದ್ತದೆ," ಎಂದ ಬೀರಾ. "ಮೊಮ್ಮಗ ಮಾತ್ರ ಬಲೆ ಬಿಟ್ಟ ದಿವ್ಸ ಶಾಲೆಗೆ ಹೋಗೂದಿಲ್ಲ. ಹೋಗಿ ಎಂತಾ ಮಾಡೂದು? ಅವನ ಮಾಸ್ತರೂ ಆ ದಿವ್ಸ ಮೀನಿಗೆ ಇಲ್ಲೇ ಬಂದಿರ್ತ್ರು."

ಇದಕ್ಕೆ ಒಂದರಿಂದ ಐದರೊಳಗೆ ಯಾವ ಅಂಕೆ? ದೇವಿದಾಸರು ಎರಡು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇಡೀ ಮಾತನ್ನೇ ಬರೆದರು. ಹಾಗೆ ಹತ್ತು ಮನೆಯ ಹತ್ತು ಬಗೆಯ ಉತ್ತರ ತುಂಬಿತು. ಹೊರಟಾಗ ಬೀರಾ ಒಂದು ಚೀಲ ತಾರ್ಲೆ ಮೀನು ತಂದು ಕೈಗೆ ತುರುಕಿದ. ಬೇಡವೆಂದರೆ ಕೇಳಲಿಲ್ಲ. "ಹಗ್ಗ ಹಿಡಿದವ್ಗೆ ಪಾಲು ಕೊಡೂದು ನಮ್ಮ ಪದ್ಧತಿ. ಬರಿಗೈಲಿ ಕಳ್ಸಿದ್ರೆ ನಾಳೆ ಬಲೆಗೆ ಮೀನು ಬೀಳೂದಿಲ್ಲ."

ಬಸ್ಸಿನಲ್ಲಿ ಕಂಡಕ್ಟರು ಅವರನ್ನು ಕೊನೆಯ ಸೀಟಿಗೆ ಅಟ್ಟಿದ. ಶಿರವಾಡದಲ್ಲಿ ಇಳಿದಾಗ ಎರಡು ನಾಯಿ ಬೆನ್ನು ಹತ್ತಿದವು. ಬರಿಗಾಲಲ್ಲಿ, ಒದ್ದೆ ಪ್ಯಾಂಟಿನಲ್ಲಿ ಸಭಾಭವನ ಹೊಕ್ಕರೆ ಉಳಿದವರು ಊಟ ಮುಗಿಸಿ, ಇಸ್ತ್ರಿ ಕೆಡದಂತೆ ಕೂತಿದ್ದರು.

ಯೋಗೇಶರು ಎಲ್ಲ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿಸಿ ಕುಣಿಯುವುದೊಂದು ಬಾಕಿ. "ಇನ್ನೂರ ತೊಂಬತ್ತು ಕುಟುಂಬ, ಎಲ್ಲ ಪ್ರಶ್ನೆಗೂ ನಾಲ್ಕು! ಇಷ್ಟು ಒಮ್ಮತದ ಮಾಹಿತಿ ನನ್ನ ಜನ್ಮದಲ್ಲೇ ನೋಡಿಲ್ಲ. ಈ ಹತ್ತು ಮಾತ್ರ ಎಲ್ಲಕ್ಕೂ ವಿರುದ್ಧ. ಯಾರವು ಇವು?"

ರೂಪೇಶ ದೇವಿದಾಸರ ಕಿವಿಯಲ್ಲಿ ಉಸುರಿದ. "ಎಲ್ರೂ ಬೇಲೆಕೇರಿ ಬಸ್‌ಸ್ಟಾಪಿನ ಹತ್ರ ಹೀರಾಬಾಯಿ ಜಗ್ಲಿ ಮೇಲೆ ಕೂತು ಬರ್ದದ್ದು ಸರ್. ವರ್ಷವರ್ಷ ಇಂಥವ್ರು ಬರ್ತ್ರು, ಅವಳಿಗೆ ರೂಢಿ. 'ಎಲ್ಲಾದಕ್ಕೂ ನಾಲ್ಕು ಹಾಕ್ರಿ, ಐದು ಹಾಕಿದ್ರೆ ನಿಮ್ಮ ಸಾಹೇಬ್ರು ನಂಬೂದಿಲ್ಲ' ಅಂದ್ಲು. ನಿಮ್ಗೂ ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ."

ದೇವಿದಾಸರ ಮೈ ಉರಿಯಿತು. ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟರು.

"ಸಂಶೋಧಕ ಯಾರ ಮಾತನ್ನೂ ಪರೀಕ್ಷಿಸದೆ ನಂಬಬಾರದು," ಎಂದರು ಯೋಗೇಶ. ತೆಗೆದುಕೊಳ್ಳಬಾರದಿದ್ದ ಹೀರಾಬಾಯಿಯ ನಂಬರನ್ನು ರೂಪೇಶನೇ ಕೊಟ್ಟ. ಫೋನಿನ ಸ್ಪೀಕರಿನಲ್ಲಿ ಅವಳ ದನಿ ಸಭೆಗೆಲ್ಲ ಕೇಳಿಸಿತು.

"ಹೌದು ಸಾಹೇಬ್ರೆ, ಮಾಸ್ತರ್ರು, ಅಕ್ಕೋರು ಎಲ್ಲಾ ಸೇರಿ ಇಪ್ಪತ್ತೊಂಬತ್ತು ಜನ ಬಂದಿದ್ರು. ಪಾಪ, ಒಳ್ಳೆ ಜನ. ದೇವಿದಾಸ ಮಾಸ್ತರ್ರಾ? ಇಲ್ಲಪ್ಪ, ಆ ಹೆಸರಿನವ್ರು ಯಾರೂ ಬರ್ಲಿಲ್ಲ."

ಇಪ್ಪತ್ತೊಂಬತ್ತು ಮೊಬೈಲು ಮೇಲೆದ್ದವು. ಎಲ್ಲದರಲ್ಲೂ ಹೀರಾಬಾಯಿಯ ಜೊತೆ ಸೆಲ್ಫಿ.

"ನಿಮ್ಮ ಹತ್ತು ಕುಟುಂಬದ ಹೆಸರು, ನಂಬರು, ಫೋಟೋ ಎಲ್ಲಿ?" ಎಂದರು ಯೋಗೇಶ.

"ನೀವೇ ಬೇಡ ಅಂದಿದ್ರಿ ಸರ್!"

ಸಭೆ ಗೊಳ್ಳೆಂದು ನಕ್ಕಿತು. ದೇವಿದಾಸರು ತಾರ್ಲೆಯ ಚೀಲವನ್ನು ಮೇಜಿನ ಮೇಲೆ ಇಟ್ಟರು. "ಇದೇ ಸಾಕ್ಷಿ ಸರ್. ಬಲೆ ಎಳೆದವನಿಗೆ ಕೊಡುವ ಪಾಲು ಇದು. ಈ ಕರಾವಳಿಯವರಿಗೆಲ್ಲ ಗೊತ್ತು. ರೂಪೇಶ, ನೀನಾದ್ರೂ ಹೇಳೋ!"

ರೂಪೇಶ ಹುಟ್ಟಿದ್ದೇ ದಂಡೆಯ ಮೇಲೆ. ಚಡ್ಡಿ ಹಾಕುವ ಮೊದಲೇ ಹಗ್ಗ ಹಿಡಿದು ಪಾಲು ಪಡೆದವನು. ಅವನು ಚೀಲ ನೋಡಿದ, ಪಕ್ಕದಲ್ಲಿದ್ದ ಪ್ರಮಾಣಪತ್ರಗಳ ಅಟ್ಟಿ ನೋಡಿದ.

"ತಾರ್ಲೆ ಮೀನುಪೇಟೆಯಲ್ಲೂ ಸಿಗ್ತದೆ ಸರ್," ಎಂದ.

ಯೋಗೇಶರು ಮೂಗಿಗೆ ಕರವಸ್ತ್ರ ಹಿಡಿದು ಆ ಹತ್ತು ಹಾಳೆಗಳನ್ನು ಬುಟ್ಟಿಗೆ ಹಾಕಿದರು. ಇಪ್ಪತ್ತೊಂಬತ್ತು ಪ್ರಮಾಣಪತ್ರ ಹಂಚಿದರು. ಉತ್ತಮ ಕ್ಷೇತ್ರಕಾರ್ಯದ ಫಲಕ ರೂಪೇಶನಿಗೆ ಹೋಯಿತು. ಕೊನೆಗೆ ದೇವಿದಾಸರ ಹತ್ತಿರ ಬಂದು, ಮುಟ್ಟದಷ್ಟು ದೂರದಲ್ಲಿ ನಿಂತು, ಕನಿಕರದಿಂದ ಹೇಳಿದರು:

"ಮುಂದಿನ ವರ್ಷ ಮತ್ತೆ ಬನ್ನಿ. ಆಗ ಒಂದು ಸಲವಾದರೂ ಆ ಊರಿಗೆ ಹೋಗಿ ಬನ್ನಿ."