ಚಪ್ಪಲಿ ಬಿಟ್ಟು ಗುರಿಯಿಡುತ್ತಿದ್ದ ಮಾಸ್ಟರು

ಕೈಗೆ ಆಯುಧ ಬಂದೊಡನೆ ಮನುಷ್ಯನೊಳಗಿನ ಮೃಗ ಎದ್ದು ಕೂರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಮ್ಮ ಮಾಸ್ಟರು ಮಾತ್ರ ಕೈಗೆ ಬಂದೂಕು ಬಂದೊಡನೆ ಚಪ್ಪಲಿ ಬಿಡುತ್ತಿದ್ದರು. ಬಿಟ್ಟದ್ದನ್ನು ಜೋಡಿಸಿ, ಪೂರ್ವಕ್ಕೆ ಮುಖ ಮಾಡಿಸಿ ಇಟ್ಟ ಮೇಲೆಯೇ ಗುರಿ. ರಾಯದುರ್ಗದಲ್ಲಿ ಇಷ್ಟು ಸಾಧುವಾದ ಬಂದೂಕುಧಾರಿ ಇನ್ನೊಬ್ಬ ಇದ್ದಿದ್ದರೆ ಅವನೂ ಇವರ ಕೈಯಲ್ಲೇ ಕಲಿತವನಿರಬೇಕು!

ಮಾಸ್ಟರು ಎಂದರೆ ಶಾಲೆಯವರಲ್ಲ, ಜೀನ್ಸ್ ಶೆಡ್ಡಿನ ಕಟಿಂಗ್ ಮಾಸ್ಟರು. ನೂರು ಪದರ ಬಟ್ಟೆ ಹಾಸಿ, ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, ಕರೆಂಟಿನ ಕತ್ತಿ ಓಡಿಸುವುದು ಅವರ ಕೆಲಸ. ಕತ್ತಿ ಗೆರೆಯಿಂದ ಕೊಂಚ ಸರಿದರೆ ನೂರು ಪ್ಯಾಂಟು ಕೆಡುತ್ತವೆ. ಇನ್ನೂ ಕೊಂಚ ಸರಿದರೆ ಬಟ್ಟೆ ಒತ್ತಿ ಹಿಡಿದ ಎಡಗೈಯ ಬೆರಳು ಹೋಗುತ್ತದೆ. ಆ ಊರಿನ ಹಳೆಯ ಕಟಿಂಗ್ ಮಾಸ್ಟರುಗಳಲ್ಲಿ ಕೈ ಮುಗಿದರೆ ಬೆರಳಿಗೆ ಬೆರಳು ಸರಿಯಾಗಿ ಹೊಂದುವಂಥವರು ಕಡಿಮೆ. ನಮ್ಮವರಿಗೆ ಹತ್ತೂ ಇದ್ದವು. ಅದೇ ಅವರ ಸರ್ಟಿಫಿಕೇಟು.

ನಾನು ಅದೇ ಶೆಡ್ಡಿನ ಚೆಕ್ಕರ್. ಹೆಂಡತಿಯನ್ನೂ ಮಗಳನ್ನೂ ಮಡಕಶಿರದ ಹತ್ತಿರದ ಊರಲ್ಲಿ ರೇಷ್ಮೆಹುಳುಗಳ ಜೊತೆ ಬಿಟ್ಟು ಬಂದವನು. ಹೊಲಿದು ಬಂದ ಪ್ಯಾಂಟು ತಿರುವಿ ನೋಡಿ 'ಪಾಸ್' ಅಥವಾ 'ಡ್ಯಾಮೇಜ್' ಎನ್ನುವುದು ನನ್ನ ಕೆಲಸ. ಮಿಕ್ಕ ಹೊತ್ತಿನಲ್ಲಿ ಬಾಡಿಗೆ ರೂಮಿನ ಗೋಡೆ ನೋಡುತ್ತಿದ್ದೆ. ಮಾಸ್ಟರು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ.

"ಲೇ ಮಡಕಶಿರ, ಗ್ವಾಡಿ ನೋಡ್ಕೋತ ಕುಂತ್ರ ಗ್ವಾಡಿ ನಿಮ್ಮೂರಿಗೆ ಬಸ್ ಬಿಡತೈತೇನು? ಬಾ, ಗುರಿ ಕಲಸ್ತೀನಿ."

"ನಂಗ್ಯಾಕೆ ಮಾಸ್ಟ್ರೇ ಗುರಿ? ನಾನು ಯಾರ್ನ ಹೊಡೀಬೇಕು?"

"ಯಾರ್ನೂ ಹೊಡೀಬಾರ್ದು ಅಂತ ತಿಳ್ಕೊಳ್ಳಾಕ ಕಲೀಬೇಕಲೇ."

ಬಂದೂಕು ಎಂದರೆ ಗಾಳಿ ಬಂದೂಕು. ಜಾತ್ರೆಗಳಲ್ಲಿ ಬಲೂನು ಹೊಡೆಸುತ್ತಿದ್ದವನೊಬ್ಬ ಆ ಕಸುಬು ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಾಗ ಎರಡು ಜೀನ್ಸ್ ಪ್ಯಾಂಟಿಗೆ ಕೊಟ್ಟು ಹೋದದ್ದು. ಬಲೂನಿನವರ ಬಂದೂಕು ನೆಟ್ಟಗಿರುತ್ತದೆಯೇ? ನೆಟ್ಟಗಿದ್ದರೆ ಅವರು ಬದುಕುವುದು ಹೇಗೆ? ನಳಿಗೆ ಎಡಕ್ಕೆ ಎರಡು ಬೆರಳು ಎಳೆಯುತ್ತಿತ್ತು. ಮಾಸ್ಟರಿಗೆ ಅದು ದೋಷವೇ ಅಲ್ಲ. "ವಾಷಿಂಗಿಗೆ ಹೋದ್ರ ಕುಗ್ಗತೈತಿ ಅಂತ ಬಟ್ಟಿ ಒಂದೀಟು ಹೆಚ್ಚು ಬಿಟ್ಟು ಕಟ್ ಮಾಡಾದಿಲ್ಲೇನು? ಇದಕ್ಕೂ ಹಂಗ ಬಲಕ್ಕ ಬಿಡಬೇಕು."

ರಾಯದುರ್ಗದ ಜೀನ್ಸಿನವರಿಗೆ ಕರೆಂಟು ಹೋದದ್ದೇ ಭಾನುವಾರ. ಅಂಥ ದಿನಗಳಲ್ಲಿ ಬೆಟ್ಟದ ಹಿಂದಿನ ದೊಡ್ಡ ಬಂಡೆಯ ಮುಂದೆ ನಮ್ಮ ವಿದ್ಯಾಭ್ಯಾಸ. ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ಚಹಾ ಲೋಟ ಬೋರಲಿಟ್ಟು ಒಂದು ವೃತ್ತ, ಒಳಗೆ ಪ್ಯಾಂಟಿನ ಗುಂಡಿಯಿಟ್ಟು ಇನ್ನೊಂದು ವೃತ್ತ. ತಗಡು ಹದಿನೈದು ಹೆಜ್ಜೆ ಆಚೆ.

ಮೊದಲ ತಿಂಗಳು ನನಗೆ ಗುಂಡೇ ಸಿಗಲಿಲ್ಲ. ನಳಿಗೆಯ ಮೇಲೆ ದಾರದ ಬಾಬಿನ್ ಇಟ್ಟು ಅದು ಬೀಳದಂತೆ ನಿಲ್ಲಬೇಕು. "ಉಸುರು ಅರ್ಧಕ್ಕ ನಿಲ್ಸು" ಎಂದರು.

"ಶೆಡ್ಡಿನ ನೀಲಿ ಧೂಳು ಆಗ್ಲೇ ಅರ್ಧಕ್ಕೆ ನಿಲ್ಸೈತೆ ಮಾಸ್ಟ್ರೇ."

"ಹಂಗಾರ ನಿನಗ ಅರ್ಧ ಪಾಠ ಬಂದಂಗಾತು."

ಇನ್ನೊಮ್ಮೆ ಒಂದು ಆಡು ಬಂದು ತಗಡಿಗೂ ನಮಗೂ ನಡುವೆ ನಿಂತು ಮೆಲುಕು ಹಾಕತೊಡಗಿತು. ಮಾಸ್ಟರು ಬಂದೂಕಿನ ಬಾಯನ್ನು ನೆಲಕ್ಕೆ ತಿರುಗಿಸಿ ಕಾದರು. ಆಡು ಕದಲಲಿಲ್ಲ. "ದಾಟ್ರಿ, ದಾಟಿ ಬರ್ರಿ" ಎಂದು ಕೈಮುಗಿದರು. ಹಿಂದೆ ಬಂದ ಆಡು ಕಾಯುವ ಮುದುಕಿ ಸೊಂಟದ ಮೇಲೆ ಕೈಯಿಟ್ಟು, "ಆಡಿಗೆ ಇಷ್ಟು ಮರ್ಯಾದಿ ಕೊಡ್ತೀರಲ್ರೀ, ನನಗ ನಮ್ಮನ್ಯಾಗ ಯಾರೂ ಕೊಡಾದಿಲ್ಲ!" ಎಂದಳು. ಮಾಸ್ಟರು ಆಕೆಗೂ ಕೈಮುಗಿದರು.

ಅಂತೂ ಒಂದು ದಿನ ನನ್ನ ಮೊದಲ ಗುಂಡು ಹಾರಿತು. ತಗಡು ಮೌನವಾಗಿತ್ತು.

"ಎಲ್ಲಿ ಬಿತ್ತು ಮಾಸ್ಟ್ರೇ?"

"ಗುಡ್ಡಕ್ಕ. ಅಷ್ಟು ದೊಡ್ಡ ಗುಡ್ಡ ತಪ್ಪಸ್ಲಿಲ್ಲಲ್ಲ, ಮೊದಲ್ನೇ ದಿನಕ್ಕ ಇದ ಭಾಳ."

ಅವರ ಇನ್ನೊಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಹೊಡೆದವನು ಹೋಗಿ ತಗಡು ನೋಡಬಾರದು. "ಹೊಲಿದವನ ತಾನ ಚೆಕ್ ಮಾಡಿದ್ರ ಎಲ್ಲಾ ಮಾಲೂ ಪಾಸ್!" ಹಾಗಾಗಿ ನನ್ನ ಗುಂಡಿಗೆ ಅವರು ಚೆಕ್ಕರ್, ಅವರ ಗುಂಡಿಗೆ ನಾನು. ಅವರದನ್ನು ನೋಡುವ ಅಗತ್ಯವೇ ಇರಲಿಲ್ಲ. ಐದು ಗುಂಡಿಗೆ ಐದು ಸಲ ಠಣ್.

ಎರಡನೆಯ ವರ್ಷ ಅದು ನಾಲ್ಕಾಯಿತು. ಆಮೇಲೆ ಎರಡು. ಗಾಳಿ ಎಂದರು, ನಳಿಗೆ ಇನ್ನಷ್ಟು ಬಾಗಿದೆ ಎಂದರು, ಸೀಸದ ಗುಂಡು ಈಗ ಮೊದಲಿನಂತೆ ಬರುವುದಿಲ್ಲ ಎಂದರು. ಶೆಡ್ಡಿನಲ್ಲಿ ಅವರು ಚಾಕ್‌ಪೀಸಿನ ಗೆರೆಯನ್ನು ಬೆರಳಿನಿಂದ ತಡವಿ ಹುಡುಕುವುದನ್ನು ನಾನು ಕಂಡಿದ್ದೆ. ಮಾಲೀಕರು ಒಮ್ಮೆ ಬಾಗಿಲಲ್ಲೇ ನಿಂತು ಅದನ್ನು ನೋಡಿ ಏನೂ ಹೇಳದೆ ಹೋದರು. ಏನೂ ಹೇಳದೆ ಹೋಗುವ ಮಾಲೀಕರಿಗಿಂತ ಕೆಟ್ಟ ಶಕುನ ನಮ್ಮ ಕಸುಬಿನಲ್ಲಿಲ್ಲ.

ದೀಪಾವಳಿ ಕಳೆದ ಮೇಲೆ ಮೊದಲ ಕರೆಂಟಿಲ್ಲದ ದಿನ, ಐದು ಗುಂಡಿಗೆ ತಗಡು ಒಮ್ಮೆಯೂ ಮಾತಾಡಲಿಲ್ಲ. ಮಾಸ್ಟರು ತಂದಿದ್ದ ಬುತ್ತಿ ಬಿಚ್ಚಲಿಲ್ಲ. ಮುಂದಿನ ಸಲ ನಾನು ಜೇಬಿನಲ್ಲಿ ಕಲ್ಲು ತುಂಬಿಕೊಂಡು ಹೋದೆ. ಗುರಿಯಿಡುವಾಗ ಅವರು ಎಡಗಣ್ಣು ಮುಚ್ಚುತ್ತಿದ್ದರು. ನಾನು ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಂತೆ. ಬಂದೂಕು ಫಟ್ ಎಂದ ಕೂಡಲೇ ನನ್ನ ಕಲ್ಲು ಹೋಗಿ ತಗಡಿಗೆ ಬಡಿಯಿತು.

ಠಣ್!

"ನೋಡಿದ್ಯಾ! ಕಣ್ಣಿಗೇನಾಗೈತಲೇ ನನಗ?" ಆ ದಿನ ಅವರ ಬುತ್ತಿಯ ರೊಟ್ಟಿಯಲ್ಲಿ ನನಗೂ ಅರ್ಧ ಸಿಕ್ಕಿತು.

ಆ ರೊಟ್ಟಿ ನನಗೆ ಜೀರ್ಣವಾಗಲಿಲ್ಲ. ಠಣ್ ಕೇಳಿದ ಧೈರ್ಯದಲ್ಲಿ ಅವರು ಮರುದಿನ ಕತ್ತಿ ಹಿಡಿಯುತ್ತಿದ್ದರು. ಆ ಕತ್ತಿಗೂ ಅವರ ಎಡಗೈಗೂ ನಡುವೆ ಇದ್ದ ಭರವಸೆ ಎಂದರೆ ನನ್ನ ಜೇಬಿನ ಕಲ್ಲು. ಪ್ರತಿ ಸಲವೂ ನಿಜ ಹೇಳಿಬಿಡಬೇಕೆಂದು ಹೋಗುತ್ತಿದ್ದೆ, ಪ್ರತಿ ಸಲವೂ ಕಲ್ಲು ಎಸೆದು ಬರುತ್ತಿದ್ದೆ. ಪ್ಯಾಂಟಿನ ಒಂದು ಹೊಲಿಗೆ ಬಿಟ್ಟಿದ್ದರೂ ಮುಲಾಜಿಲ್ಲದೆ ಆಚೆಗೆಸೆಯುತ್ತಿದ್ದ ಚೆಕ್ಕರ್, ಬೆಟ್ಟದ ಹಿಂದೆ ನಾಲ್ಕು ತಿಂಗಳು ಡ್ಯಾಮೇಜ್ ಮಾಲನ್ನು ಪಾಸ್ ಮಾಡಿದೆ.

ಬೇಸಿಗೆ ಶುರುವಾದಾಗ ಒಂದು ದಿನ ಮಾಸ್ಟರು ಬಹಳ ಹೊತ್ತು ಗುರಿಯಿಟ್ಟರು. ಕಾದು ಕಾದು ನನ್ನ ಕೈ ತಡೆಯದೆ ಕಲ್ಲು ಎಸೆದುಬಿಟ್ಟಿತು.

ಠಣ್.

ಮಾಸ್ಟರು ಬಂದೂಕು ಇಳಿಸಿದರು. ಗುಂಡು ತೆಗೆದು ಅಂಗೈಯಲ್ಲಿಟ್ಟುಕೊಂಡು ತಡವಿದರು.

"ಮಡಕಶಿರ, ಗುಂಡು ಇಲ್ಲೇ ಐತಿ."

ನಾನು ಜೇಬಿನಲ್ಲಿ ಉಳಿದಿದ್ದ ಕಲ್ಲುಗಳನ್ನು ನೆಲಕ್ಕೆ ಸುರಿದೆ.

"ಯಾವಾಗಿಂದ?"

"ದೀಪಾವಳಿ ಆದ್ಮೇಲಿಂದ ಮಾಸ್ಟ್ರೇ."

"ಮೊನ್ನಿ ಐದಕ್ಕ ಐದು ಬಿದ್ವಲ್ಲ?"

"ಒಂದು ನಿಮ್ದೇ ಇತ್ತು."

"ಸುಳ್ಳು ಬ್ಯಾಡ."

"ಇರ್ಲಿಲ್ಲ."

ಅವರು ಬಂಡೆಯ ಕಡೆ ಮುಖ ಮಾಡಿ ನಿಂತರು. ತಗಡು ಅವರಿಗೆ ಕಾಣುತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

"ಕಲ್ಲು ಎಲ್ಲಿಂದ ಒಗದಿ?"

"ಇಲ್ಲಿಂದ್ಲೇ. ನಿಮ್ಮ ಪಕ್ಕದಿಂದ."

"ಹದಿನೈದು ಹೆಜ್ಜಿ. ಒಂದೂ ತಪ್ಪಲಿಲ್ಲ?"

"ಇಲ್ಲ ಮಾಸ್ಟ್ರೇ."

"ಹಂಗಾರ ಕಲಸಿದ್ದು ದಂಡ ಆಗ್ಲಿಲ್ಲ ಬಿಡು" ಎಂದು ನನ್ನ ಭುಜ ಹಿಡಿದುಕೊಂಡರು. ಹಿಡಿದುಕೊಂಡೇ ಕಾಲಿನಿಂದ ನೆಲ ತಡವಿ ಚಪ್ಪಲಿ ಹುಡುಕಿದರು. ನಾನು ಬಗ್ಗಿ ಎರಡನ್ನೂ ಅವರ ಕಾಲ ಬಳಿ ಸರಿಸಿದೆ. ಭುಜದ ಮೇಲಿನ ಕೈಯನ್ನು ಅವರು ಶೆಡ್ಡು ಬರುವವರೆಗೆ ತೆಗೆಯಲಿಲ್ಲ.

ಬಳ್ಳಾರಿಯ ಕಣ್ಣಿನ ಡಾಕ್ಟರು, ನರ ಒಣಗಿದೆ, ಕನ್ನಡಕಕ್ಕೆ ಬಗ್ಗುವುದಿಲ್ಲ ಎಂದರು. ಮಾಸ್ಟರು ತಾವೇ ಮಾಲೀಕರಿಗೆ ಹೇಳಿ ಕತ್ತಿ ಇಳಿಸಿದರು. ಪ್ಯಾಂಟು ಮಡಿಸಿ ಕಟ್ಟುವವರ ಸಾಲಿನಲ್ಲಿ ಕೂತರು. ಕಟಿಂಗ್ ಬಿಟ್ಟ ದಿನ ಅವರಿಗೆ ಹತ್ತೂ ಬೆರಳು ಇದ್ದವು.