ಹೊರಗೆ ನಿಂತವನ ಮಾರ್ಕ್ಸು

ಹತ್ತನೆಯ ತರಗತಿಯ ಮಾರ್ಕ್ಸು ಒಂದಲ್ಲ ಒಂದು ದಿನ ಎಲ್ಲರನ್ನೂ ಬಿಡುತ್ತದಂತೆ, ನನ್ನನ್ನು ಬಿಟ್ಟಿಲ್ಲ. ಮದುವೆ, ಸನ್ಮಾನಗಳಲ್ಲಿ ಮೈಕು ಹಿಡಿದು ನಿರೂಪಣೆ ಮಾಡುವುದು ನನ್ನ ಕಸುಬು. ಹೋದಲ್ಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಕನ್ನಡದಾಗ ಎಷ್ಟ ಬಿದ್ದಿದ್ದುವ್ರಿ?" ಪಾಸಾಗುವಷ್ಟು. ಅದೂ ದೇವರ ದಯೆ.

೧. ಬಾಗಿಲ ಹೊರಗೆ

ಬೈಲಹೊಂಗಲದ ಹೈಸ್ಕೂಲಿನಲ್ಲಿ ನನ್ನ ಬಾಯಿ ನಿಲ್ಲುತ್ತಿರಲಿಲ್ಲ, ಪೆನ್ನು ಓಡುತ್ತಿರಲಿಲ್ಲ. ಕನ್ನಡ ಸರ್ ದಿನಾ ಹೊರಗೆ ನಿಲ್ಲಿಸುತ್ತಿದ್ದರು. "ಮಾರ್ಕ್ಸ್ ಇಲ್ಲದ ಬಾಯಿಗೆ ಯಾರ ಕೆಲಸಾ ಕೊಡತಾರಲೇ?" ಆ ಮಾತು ಚುಚ್ಚಿತು. ಎಂದಾದರೂ ಅವರ ಬಾಯಿಂದಲೇ ಅದನ್ನು ವಾಪಸ್ ತೆಗೆಸಬೇಕೆಂದು ಹಟ ಹಿಡಿದೆ.

ಒಮ್ಮೆ ಹೊರಗೆ ನಿಂತವನು ಗಿಡಕ್ಕೆ ನೀರು ಹಾಕುತ್ತಿದ್ದ ಶಾಲೆಯ ಸಿಪಾಯಿಗೆ ಊರ ಸುದ್ದಿಯೆಲ್ಲ ಹೇಳತೊಡಗಿದೆ. ಸರ್ ಬಾಗಿಲಿಗೆ ಬಂದರು. "ಒಳಗ ಬಾರಲೇ ಮಾರಾಯಾ, ಇಡೀ ಕ್ಲಾಸು ನಿನ್ನ ಕಡೆನ ಕಿವಿ ಕೊಟ್ಟ ಕುಂತೈತಿ!"

೨. ಇಂಟರ್‌ವ್ಯೂ

ಮೊದಲ ಕೆಲಸ ಮೈಕು ಕಟ್ಟಿದ ಆಟೋದಲ್ಲಿ ಪ್ರಚಾರ. ಮಾಲೀಕರಿಗೆ ಅಂಜುತ್ತ ಮಾರ್ಕ್ಸು ಹೇಳಿದೆ. "ಅದನ್ನ ಮನ್ಯಾಗ ಇಡು. ಒದರಿ ತೋರ್ಸು," ಎಂದರು. ಎದುರಿಗೆ ಸೀರೆ ಅಂಗಡಿ ಕಂಡಿತು. "ಬರ್ರಿ ಅಕ್ಕಾರ, ಇಳಕಲ್ ಸೀರಿ ಅರ್ಧಾ ರೇಟಿಗೆ!" ಎಂದು ಒದರಿದೆ. ಬಜಾರಿನ ಹೆಂಗಸರೆಲ್ಲ ಅಂಗಡಿಗೆ ನುಗ್ಗಿದರು. ಅಂಗಡಿಯವರು ಬೆವರುತ್ತ ಓಡಿ ಬಂದರು: "ಯಾವಂವ ಅವ, ಒದರಿದಂವ?"

ಮಾಲೀಕರು ತಣ್ಣಗೆ ಹೇಳಿದರು: "ಈಗಷ್ಟ ಕೆಲಸಕ್ಕ ತಗೊಂಡೇನ್ರಿ. ನಿಮಗೂ ಪ್ರಚಾರ ಬೇಕೇನ್ರಿ?"

೩. ಆರಿದ ಹುಗ್ಗಿ

ಸುರೇಬಾನದ ಮದುವೆಯಲ್ಲಿ ಗೋಧಿ ಹುಗ್ಗಿ ತಡವಾಯಿತು. "ಮಂದಿನ್ನ ಸ್ವಲ್ಪ ಹಿಡದ ಇಡ್ರಿ," ಎಂದರು ಹುಡುಗಿಯ ಕಾಕಾ. ಮಾತಿನಲ್ಲೇ ಹಿಡಿದೆ. ಹುಗ್ಗಿ ಆಯಿತು, ಎಲೆ ಹಾಕಿದರು, ಒಬ್ಬರೂ ಏಳಲಿಲ್ಲ. ಅಡುಗೆಯವರು ಸೌಟು ಹಿಡಿದೇ ವೇದಿಕೆ ಹತ್ತಿದರು: "ಯಪ್ಪಾ, ಮೊದಲ ನೀವ ಊಟಕ್ಕ ಕುಂದರ್ರಿ. ಬಾಯಾಗ ತುತ್ತ ಇದ್ರರ ಸುಮ್ಮಕಾಗ್ತೀರಿ!"

೪. ಮತ್ತೆ ಬಾಗಿಲ ಹೊರಗೆ

ಹೋದ ವರ್ಷ ನಮ್ಮ ಹೈಸ್ಕೂಲಿನಲ್ಲೇ ಹೆಚ್ಚು ಮಾರ್ಕ್ಸು ಪಡೆದ ಮಕ್ಕಳಿಗೆ ಸನ್ಮಾನ. ನಿರೂಪಣೆ ನನ್ನದು, ಮುಖ್ಯ ಅತಿಥಿ ನಿವೃತ್ತರಾದ ಅದೇ ಕನ್ನಡ ಸರ್. ಭಾಷಣ ಉದ್ದವಾದರೆ ನಿರೂಪಕ ಹೋಗಿ ಹಿಂದೆ ನಿಲ್ಲುವುದು ನಮ್ಮಲ್ಲಿ ರೂಢಿ. ಮಾತಾಡುವವರು ತಿಳಿದುಕೊಂಡು ಮುಗಿಸುತ್ತಾರೆ. ಸರ್ ಮುಗಿಸುವ ಲಕ್ಷಣವೇ ಇರಲಿಲ್ಲ. ಎದೆ ಗಟ್ಟಿ ಮಾಡಿಕೊಂಡು ಹೋಗಿ ನಿಂತೆ. ಅವರು ತಿರುಗಿ ನೋಡಿ, ಹಳೆಯ ಚಾಳಿಯಲ್ಲಿ ಮೈಕಿನಲ್ಲೇ ಗದರಿದರು: "ಹೊರಗ ನಿಂದ್ರಲೇ!"

ನನ್ನ ಕಾಲುಗಳೂ ಹಳೆಯ ಚಾಳಿಯಲ್ಲೇ ಹೊರಟವು. ಬಾಗಿಲ ಹೊರಗೆ ಹೋಗಿ ನಿಂತೆ. ಸಭೆಯೆಲ್ಲ ತಿರುಗಿ ನನ್ನನ್ನೇ ನೋಡಿತು. ಸರ್‌ಗೆ ನಗು ತಡೆಯಲಾಗಲಿಲ್ಲ. "ಒಳಗ ಬಾರಪಾ. ಈ ಬಾಯಿಗೆ ಯಾರ ಕೆಲಸಾ ಕೊಡತಾರ ಅಂದಿದ್ದೆ. ಇವತ್ತ ಅದ ಬಾಯಿ ನನ್ನನ್ನ ವೇದಿಕೆಗೆ ಕರದೈತಿ. ಆ ಮಾತ ವಾಪಸ್ ತಗೊಂಡೇನಿ. ಕನ್ನಡದಾಗ ನೂರಕ್ಕ ನೂರು!"

ಚಪ್ಪಾಳೆಯೋ ಚಪ್ಪಾಳೆ. ಇಷ್ಟು ವರ್ಷ ಕಾದಿದ್ದ ಮಾತು. ಖುಷಿಗೆ ಕಣ್ಣು ತುಂಬಿ ಬಂತು. ಮೈಕಿನ ಮುಂದೆ ನಿಂತೆ, ಒಂದಕ್ಷರ ಹೊರಡಲಿಲ್ಲ. ಸರ್ ಹಿಂದಿನಿಂದ ಅಂಗಿ ಜಗ್ಗಿದರು:

"ಮಾತಾಡಲೇ! ಈಗ ಸುಮ್ಮ ನಿಂತ್ರ ಮಾರ್ಕ್ಸ್ ಕಟ್ ಮಾಡತೇನಿ ನೋಡು!"